ಕುಣಿಯುವ ದೇಹದ ಅಧಿಕಾರ

ದೇವರ ಮುಂದೆ ಹರಕೆಯಾಗಿ ಸಲ್ಲುತ್ತಿದ್ದ ಕುಣಿತವೊಂದನ್ನು, ಆ ದೇವರಿಗೆ ನಡೆದುಕೊಳ್ಳದ ಮನೆತನದ ವಿದ್ಯಾರ್ಥಿಯೊಬ್ಬ ಕಾಲೇಜಿನ ತರಗತಿಯಲ್ಲಿ ಕಲಿತು ಸ್ಪರ್ಧೆಯ ವೇದಿಕೆಯಲ್ಲಿ ಕುಣಿದಾಗ, ಅದು ಆರಾಧನೆಯಾಗಿ ಉಳಿಯುತ್ತದೆಯೇ, ಕಲೆಯಷ್ಟೇ ಆಗುತ್ತದೆಯೇ, ಅಥವಾ ಇವೆರಡರ ಲೆಕ್ಕಕ್ಕೂ ಸಿಗದ ಮತ್ತೊಂದಾಗುತ್ತದೆಯೇ ಎಂಬುದು ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆಯೊಂದರ ಹೊಸ ರೂಪವಾಗಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಬರಿಯ ತರ್ಕದ ವಿಷಯವಲ್ಲ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದ ಇಲ್ಲಿನ ಪದವಿ ಕಾಲೇಜುಗಳ ವಿದ್ಯಾರ್ಥಿಗಳ ಪಾಲಿಗೆ ನೃತ್ಯವೆಂದರೆ ಒಂದೆಡೆ ಯುವಜನೋತ್ಸವಕ್ಕಾಗಿ ಅಭ್ಯಾಸ ಮಾಡುವ ವೀರಗಾಸೆ, ಡೊಳ್ಳು, ಲಂಬಾಣಿ ಕುಣಿತ. ಇನ್ನೊಂದೆಡೆ ಮೊಬೈಲ್ ಪರದೆಯಲ್ಲಿ ನೋಡಿ ‘ಕಾಂಟೆಂಪರರಿ’ ಎಂದು ಅವರೇ ಹೆಸರಿಸುವ ಹೊಸ ನೃತ್ಯ. ಮೊದಲನೆಯದರ ಹಿಂದೆ ದೇವರೊಂದು ನಿಂತಿದೆ. ಎರಡನೆಯದರ ಹಿಂದೆ ದೇವರಿಲ್ಲವೆಂಬ ಭಾವನೆಯಿದೆ. ಈ ಎಣಿಕೆ ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ.

ನಾಲ್ಕೂ ತಾಲ್ಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ಅವುಗಳ ಕುಣಿತದ ನೆಲಗಳು ಬೇರೆಬೇರೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು, ನ್ಯಾಮತಿ ಬಹಳ ಕಾಲ ಹೊನ್ನಾಳಿಯ ಭಾಗವಾಗಿದ್ದು ಈಚೆಗಷ್ಟೇ ಪ್ರತ್ಯೇಕ ತಾಲ್ಲೂಕಾಯಿತು. ಸೂಳೆಕೆರೆಯ ನೀರುಂಡು ಅಡಿಕೆ, ಭತ್ತ ಬೆಳೆಯುವ ಚನ್ನಗಿರಿಯ ಕಡೆಗೂ ತುಂಗಭದ್ರೆಯ ದಂಡೆಯ ಹೊನ್ನಾಳಿಯ ಕಡೆಗೂ ಬೀರದೇವರ ಡೊಳ್ಳು ಬಲವಾಗಿದ್ದರೆ, ಮಳೆಗಾಗಿ ಕಾಯುವ ಜಗಳೂರಿನಲ್ಲಿ ಕೊಡದಗುಡ್ಡದ ವೀರಭದ್ರಸ್ವಾಮಿಯ ಜಾತ್ರೆ ಸುತ್ತಲಿನ ಸೀಮೆಯ ಭಕ್ತರನ್ನು ಕರೆತರುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ಬಂಜಾರ (ಲಂಬಾಣಿ) ಸಮುದಾಯ ನಂಬಿ, ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ಜಯಂತಿಗೆ ನೆರೆಯುತ್ತದೆ.

ಮೊದಲು ವಿಚಾರ ಮಾಡಬೇಕಾದದ್ದು ಅಧಿಕಾರವನ್ನು ಕುರಿತು. ಇಲ್ಲಿ ಅಧಿಕಾರವೆಂದರೆ ಆಳ್ವಿಕೆಯಲ್ಲ. ಒಂದು ಕರ್ಮವನ್ನು ಮಾಡಲು, ಮಾಡಿ ಅದರ ಫಲಕ್ಕೆ ಹಕ್ಕುದಾರನಾಗಲು ಯಾರು ಅರ್ಹರು ಎಂಬ ನಿರ್ಣಯ. ವೇದಕರ್ಮಗಳ ಅರ್ಥವನ್ನು ಶೋಧಿಸುವ ಪೂರ್ವಮೀಮಾಂಸಾ ದರ್ಶನದಲ್ಲಿ ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯ ಈ ವಿಷಯಕ್ಕೇ ಮೀಸಲಾಗಿದೆ. ಎಲ್ಲ ವರ್ಣದವರಿಗೂ ಅಧಿಕಾರವುಂಟು ಎಂಬ ಬಾದರಿ ಎಂಬ ಆಚಾರ್ಯನ ಮತವನ್ನು ಅಲ್ಲಿ ಎತ್ತಿಕೊಂಡು, ಚರ್ಚಿಸಿ, ಕೊನೆಗೆ ನಿರಾಕರಿಸಲಾಗಿದೆ. ನಿರಾಕರಿಸಿದವರ ಗ್ರಂಥದಲ್ಲೇ ಬಾದರಿಯ ದನಿ ಉಳಿದುಬಂದಿರುವುದು ಗಮನಾರ್ಹ. ಕನ್ನಡ ನಾಡಿನಲ್ಲಿ ಆ ದನಿಗೆ ದೊಡ್ಡ ಉತ್ತರ ಸಿಕ್ಕಿದ್ದು 12ನೆಯ ಶತಮಾನದಲ್ಲಿ, ಶರಣರು ಇಷ್ಟಲಿಂಗವನ್ನು ಹೆಣ್ಣು ಗಂಡು, ಕುಲ ಕಸುಬು ಎಣಿಸದೆ ಪ್ರತಿಯೊಬ್ಬರ ಮೈಮೇಲೆ ಇರಿಸಿದಾಗ. ಅಂದಿನಿಂದ ಅರ್ಹತೆ ಹುಟ್ಟಿನಿಂದ ಬರುವುದಲ್ಲ, ಆಚರಣೆಯಿಂದ ಬರುವುದು ಎಂಬ ಮಾತು ಕನ್ನಡದಲ್ಲಿ ಗಟ್ಟಿಯಾಗಿ ನೆಲೆಯಾಯಿತು. ಆದರೆ ಆಚರಣೆ ಎಂದರೆ ಎಷ್ಟು, ಯಾವುದು ಎಂಬ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯಿತು. ನೃತ್ಯತರಗತಿಯ ಬಾಗಿಲಲ್ಲಿ ಎದುರಾಗುವುದು ಈ ಎರಡನೆಯ ಪ್ರಶ್ನೆಯೇ.

ವೀರಗಾಸೆಯನ್ನು ಹತ್ತಿರದಿಂದ ನೋಡಿದರೆ ಇದರ ತೂಕ ತಿಳಿಯುತ್ತದೆ. ದಕ್ಷನ ಯಜ್ಞದಲ್ಲಿ ದಾಕ್ಷಾಯಣಿ ದೇಹತ್ಯಾಗ ಮಾಡಿದ ಸುದ್ದಿ ತಿಳಿದ ಶಿವನ ಜಟೆಯಿಂದ ವೀರಭದ್ರ ಹುಟ್ಟಿ ಯಜ್ಞವನ್ನು ಧ್ವಂಸ ಮಾಡಿದ ಕಥೆಯೇ ಈ ಕುಣಿತದ ಮೂಲ. ಕುಣಿಯುವವರು ಹಣೆಗೂ ತೋಳಿಗೂ ವಿಭೂತಿ ಧರಿಸಿ, ತಲೆಗೆ ಬಿಳಿಯ ಚೌರಿ ಕಟ್ಟಿ, ಎದೆಗೆ ವೀರಭದ್ರನ ಮುಖವಿರುವ ಲೋಹದ ಹಲಗೆ ಬಿಗಿದು, ಕೈಯಲ್ಲಿ ಕತ್ತಿ ಹಿಡಿದು ಕರಡೆ, ಸಂಬಾಳ, ತಾಳಗಳ ಗತ್ತಿಗೆ ಹೆಜ್ಜೆ ಹಾಕುತ್ತಾರೆ. ನಡುನಡುವೆ ವಾದ್ಯ ನಿಲ್ಲುತ್ತದೆ. ಒಬ್ಬನು ಮುಂದೆ ಬಂದು ಒಡಪು ಹೇಳುತ್ತಾನೆ. ಒಡಪು ಎಂದರೆ ವೀರಭದ್ರನ ಮಹಿಮೆಯನ್ನು ಓಜಸ್ಸಿನಿಂದ, ಉಸಿರು ಬಿಗಿಹಿಡಿದು ಹೇಳುವ ಗದ್ಯಪ್ರಾಯವಾದ ನುಡಿ; ಜೊತೆಗಾರರು ಕೂಗಿ ಅದಕ್ಕೆ ಒತ್ತು ಕೊಡುತ್ತಾರೆ. ವೀರಭದ್ರನನ್ನು ಮನೆದೇವರೆಂದು ನಂಬಿದ ಮನೆಗಳಲ್ಲಿ ಮದುವೆಯ ಹೊತ್ತಿಗೆ ಗುಗ್ಗಳ ಹೊರಡುವಾಗ, ಅಂದರೆ ಧೂಪದ ಕೆಂಡದ ಮಡಕೆಗಳನ್ನು ಹೊತ್ತ ಮೆರವಣಿಗೆ ಗುಡಿಯ ಕಡೆ ಸಾಗುವಾಗ, ವೀರಭದ್ರನ ಸೇವೆಯ ಈ ಕುಣಿತವನ್ನು ನಡೆಸಿಕೊಂಡು ಬಂದ ಪುರವಂತರು ಒಡಪು ಹೇಳುತ್ತ ಮುಂದೆ ನಡೆಯುತ್ತಾರೆ. ಹರಕೆ ಹೊತ್ತವರು ಗಲ್ಲಕ್ಕೋ ನಾಲಿಗೆಗೋ ಶಸ್ತ್ರ ಹಾಕಿಸಿಕೊಳ್ಳುತ್ತಾರೆ, ಹಾಕಿದ ಜಾಗಕ್ಕೆ ವಿಭೂತಿ ಒತ್ತಲಾಗುತ್ತದೆ. ಇಲ್ಲಿ ಕುಣಿತ, ಮಾತು, ನೋವು, ಮನೆತನದ ಋಣ ಇವೆಲ್ಲ ಒಂದೇ ಕ್ರಿಯೆಯ ಅಂಗಗಳು.

ಇದೇ ವೀರಗಾಸೆ ಅಂತರ ವಿಶ್ವವಿದ್ಯಾನಿಲಯ ಯುವಜನೋತ್ಸವದ ಜನಪದ ನೃತ್ಯ ಸ್ಪರ್ಧೆಗೆ ಹೋಗುವಾಗ ಅದು ಹತ್ತು ಮಂದಿ ನರ್ತಕರ, ಹತ್ತು ನಿಮಿಷದೊಳಗಿನ ಪ್ರದರ್ಶನವಾಗಿ ಅಳತೆಗೊಳ್ಳಬೇಕಾಗುತ್ತದೆ. 1954ರಲ್ಲಿ ದೆಹಲಿಯಲ್ಲಿ ಮೊದಲ ಬಾರಿಗೆ ನಡೆದ ಈ ಉತ್ಸವದ ಪರಂಪರೆ ಭಾರತದ ಗ್ರಾಮೀಣ ಕುಣಿತಗಳನ್ನು ಕಾಲೇಜಿನೊಳಗೆ ತಂದ ಶಕ್ತಿಗಳಲ್ಲಿ ಮುಖ್ಯವಾದದ್ದು. ಅದು ಇಲ್ಲದಿದ್ದರೆ ಅನೇಕ ವಿದ್ಯಾರ್ಥಿಗಳು ತಮ್ಮ ಪಕ್ಕದ ಊರಿನ ಕುಣಿತವನ್ನು ಜಾತ್ರೆಯ ಗದ್ದಲದಲ್ಲಿ ದೂರದಿಂದ ಕಂಡಿರುತ್ತಿದ್ದರೇ ಹೊರತು ಮೈಯಿಂದ ಅರಿಯುತ್ತಿರಲಿಲ್ಲ. ಆದರೆ ಹತ್ತು ನಿಮಿಷದ ಅಳತೆಯಲ್ಲಿ ಮೊದಲು ಕಳಚಿಬೀಳುವುದು ಒಡಪು, ಏಕೆಂದರೆ ಒಡಪಿನ ಹೊತ್ತಿಗೆ ಕುಣಿತ ನಿಲ್ಲುತ್ತದೆ, ನಿಂತ ಕುಣಿತಕ್ಕೆ ಅಂಕವಿಲ್ಲ. ಮಾತು ಹೋದಮೇಲೆ ಉಳಿಯುವ ರೌದ್ರ ಯಾರ ಮೇಲಿನದು, ಯಾತಕ್ಕಾಗಿ ಎಂಬುದು ಕುಣಿಯುವವನಿಗೇ ತಿಳಿಯದೆ ಹೋಗಬಹುದು. ಆರಾಧನೆ ಸಡಿಲವಾಗುವುದು ವೇದಿಕೆ ಹತ್ತಿದ್ದರಿಂದಲ್ಲ, ಈ ಅರಿವಿನ ಕೊಂಡಿ ಕಳಚಿದ್ದರಿಂದ.

ಇದಕ್ಕೆ ಶಾಸ್ತ್ರಜ್ಞರು ಒಂದು ಸಮಾಧಾನ ಹೇಳಬಹುದು. ಭರತನ ನಾಟ್ಯಶಾಸ್ತ್ರಕ್ಕೆ ಕಾಶ್ಮೀರದ ಅಭಿನವಗುಪ್ತ ಬರೆದ ವ್ಯಾಖ್ಯಾನದ ಪ್ರಕಾರ ರಸದ ಅನುಭವ ನಟನದಲ್ಲ, ನೋಡುವ ಸಹೃದಯನದು. ನಟ ರಸವನ್ನು ಮುಟ್ಟಿಸುವ ಪಾತ್ರೆ ಮಾತ್ರ, ಪಾತ್ರೆಗೆ ತನ್ನಲ್ಲಿರುವ ಪಾನಕದ ರುಚಿ ತಿಳಿಯಬೇಕಾಗಿಲ್ಲ. ಈ ವಾದವನ್ನು ಒಪ್ಪಿದರೆ ವೀರಭದ್ರನ ವೇಷ ಹಾಕಿದ ವಿದ್ಯಾರ್ಥಿಗೆ ಭಕ್ತಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅವನ ಹೆಜ್ಜೆ, ಕಣ್ಣು, ತೋಳು ಸರಿಯಾಗಿದ್ದರೆ ಸಾಕು. ನಾಟಕಕ್ಕೆ ಇದು ಒಪ್ಪುವ ಮಾತು. ದೇವರು ಮೈದುಂಬುವ ಕುಣಿತಕ್ಕೆ ಇದು ಸಾಲದು, ಏಕೆಂದರೆ ಅಲ್ಲಿ ಕುಣಿಯುವವನೇ ಮೊದಲ ಅನುಭೋಕ್ತ; ನೋಡುವ ಭಕ್ತರು ಅವನಲ್ಲಿ ಅಭಿನಯವನ್ನು ಕಾಣುವುದಿಲ್ಲ, ಬಂದ ದೇವರನ್ನು ಕಾಣುತ್ತಾರೆ. ಇನ್ನು ಲಂಬಾಣಿ ಕುಣಿತದ ವಿಷಯಕ್ಕೆ ಬಂದರಂತೂ ಈ ಸಿದ್ಧಾಂತ ಬುಡಸಮೇತ ಅಲುಗುತ್ತದೆ.

ಲಂಬಾಣಿಗರ ಊರುಗಳಾದ ತಾಂಡಾಗಳಲ್ಲಿ ಶ್ರಾವಣದ ತೀಜ್ ಹಬ್ಬದ ಹೊತ್ತಿಗೆ ಮದುವೆಯಾಗದ ಹುಡುಗಿಯರು ಪುಟ್ಟ ಬುಟ್ಟಿಗಳಲ್ಲಿ ಮಣ್ಣು ತುಂಬಿ ಗೋಧಿ ಬಿತ್ತಿ, ದಿನವೂ ನೀರೆರೆದು, ಮೊಳೆತ ಪೈರಿನ ಸುತ್ತ ಹಾಡುತ್ತ ಕುಣಿಯುತ್ತಾರೆ. ಫೇಟಿಯಾ ಎಂಬ ನೆರಿಗೆಯ ಲಂಗ, ಕಾಂಚಳಿ ಎಂಬ ಕನ್ನಡಿ ಕಸೂತಿಯ ರವಿಕೆ ತೊಟ್ಟ ಹೆಂಗಸರು ವೃತ್ತವಾಗಿ ನಿಂತು, ಒಳಮುಖವಾಗಿ ಬಾಗಿ, ಕೈ ತಟ್ಟಿ, ಹೆಜ್ಜೆ ಸರಿಸುತ್ತ ಸುತ್ತುತ್ತಾರೆ. ಹಾಡುವವರು ಅವರೇ, ಕುಣಿಯುವವರು ಅವರೇ, ಕೇಳುವವರೂ ಬಹುಮಟ್ಟಿಗೆ ಅವರೇ. ವೃತ್ತಕ್ಕೆ ಮುಂಭಾಗವೆಂಬುದಿಲ್ಲ, ಹೊರಗೆ ನಿಂತವನಿಗೆ ಕಾಣುವುದು ಬೆನ್ನುಗಳು. ಪಾತ್ರೆ ಬೇರೆ, ಸವಿಯುವವನು ಬೇರೆ ಎಂಬ ವಿಂಗಡಣೆಗೆ ಇಲ್ಲಿ ಎಡೆಯೇ ಇಲ್ಲ.

ಈ ಕುಣಿತವನ್ನು ಸ್ಪರ್ಧೆಗಾಗಿ ಕಲಿಸುವಾಗ ಮೊದಲು ಆಗುವ ಬದಲಾವಣೆ ಎಂದರೆ ವೃತ್ತ ಒಡೆದು ಅರ್ಧವೃತ್ತವಾಗುವುದು, ಮುಖಗಳು ತೀರ್ಪುಗಾರರ ಕಡೆ ತಿರುಗುವುದು. ಇದನ್ನು ಸಣ್ಣ ತಾಂತ್ರಿಕ ಹೊಂದಾಣಿಕೆ ಎನ್ನುವುದು ರೂಢಿ. ವಾಸ್ತವವಾಗಿ ಇದು ತಾತ್ತ್ವಿಕ ಪಲ್ಲಟ. ಪರಸ್ಪರ ಮುಖ ನೋಡುತ್ತಿದ್ದ ದೇಹಗಳು ಅಪರಿಚಿತನಿಗೆ ತಮ್ಮನ್ನು ತೋರಿಸಿಕೊಳ್ಳುವ ದೇಹಗಳಾಗುತ್ತವೆ. ತಾಂಡಾದಿಂದಲೇ ಬಂದ ವಿದ್ಯಾರ್ಥಿನಿಯೊಬ್ಬಳು ಇಂಥ ತಂಡದಲ್ಲಿದ್ದರೆ, ಅಜ್ಜಿಯಿಂದ ಅರಿಯದೆಯೇ ಬಂದ ಹೆಜ್ಜೆಯನ್ನು ಅವಳು ಎಣಿಕೆ ಹಾಕಿ ಮತ್ತೆ ಕಲಿಯಬೇಕಾಗುತ್ತದೆ, ಬಾಡಿಗೆಗೆ ತಂದ ಪ್ಲಾಸ್ಟಿಕ್ ಕನ್ನಡಿಗಳ ಉಡುಪನ್ನು ತನ್ನದೆಂದು ತೊಡಬೇಕಾಗುತ್ತದೆ. ಪರರು ಇವಳ ಕುಣಿತವನ್ನು ಕಲಿಯುವುದು ತಪ್ಪಲ್ಲ. ಇವಳೇ ತನ್ನ ಕುಣಿತದಲ್ಲಿ ಪರಕೀಯಳಾಗುವುದು ನಿಜಕ್ಕೂ ನೋವಿನ ಸಂಗತಿ, ಅದನ್ನು ತಡೆಯುವ ಹೊಣೆ ಕಲಿಸುವವರದು.

ಹೊಸ ನೃತ್ಯದ ತರಗತಿಯನ್ನು ಈ ಬೆಳಕಿನಲ್ಲಿ ನೋಡಿದರೆ ಅನಿರೀಕ್ಷಿತವಾದ ಒಂದು ನಂಟು ಕಾಣುತ್ತದೆ. ಸಮಕಾಲೀನ ನೃತ್ಯವೆಂದರೆ ಸಿನಿಮಾ ಹಾಡಿಗೆ ಹಾಕುವ ಚುರುಕು ಹೆಜ್ಜೆಗಳಲ್ಲ. ಉಸಿರು, ಭಾರ, ನೆಲದ ಮೇಲಿನ ಉರುಳುವಿಕೆ, ಬೀಳುವುದು, ಏಳುವುದು ಇವುಗಳಿಂದ ತೊಡಗಿ, ನಿಗದಿಯಾದ ಮುದ್ರೆಗಳ ಬದಲು ದೇಹದ ಚಲನೆಯನ್ನೇ ಶೋಧಿಸುವ ಪದ್ಧತಿ. ಇದು ದೇವರಿಂದ ದೂರ ನಿಂತೇ ಹುಟ್ಟಿತೆನ್ನುವುದು ಸರಿಯಲ್ಲ. ಅಮೆರಿಕದಲ್ಲಿ ಆಧುನಿಕ ನೃತ್ಯಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ರೂತ್ ಸೇಂಟ್ ಡೆನಿಸ್ 1906ರಲ್ಲಿ ಕುಣಿದ ಮೊದಲ ಪ್ರಸಿದ್ಧ ಕೃತಿಯ ಹೆಸರೇ ‘ರಾಧಾ’. ಭಾರತವನ್ನು ಕಾಣುವ ಮೊದಲೇ ಅವರು ಕಲ್ಪಿಸಿಕೊಂಡ ಭಾರತದ ದೇವತೆ ಅದು. ಭಾರತದಲ್ಲಿ ಚಂದ್ರಲೇಖಾ 1985ರ ‘ಆಂಗಿಕ’ದಲ್ಲಿ ಭರತನಾಟ್ಯವನ್ನು ಕಳರಿಪಯಟ್ಟು ಮತ್ತು ಯೋಗದೊಂದಿಗೆ ಜೋಡಿಸಿ, ದೇವರ ಕಥೆಗಳನ್ನು ಬದಿಗಿಟ್ಟು ದೇಹವನ್ನೇ ವಸ್ತುವಾಗಿಸಿದರು. ಕರ್ನಾಟಕದ ಮಟ್ಟಿಗೆ ಮಾಯಾ ರಾವ್ ಅವರು 1964ರಲ್ಲಿ ದೆಹಲಿಯಲ್ಲಿ ಆರಂಭಿಸಿ 1987ರಲ್ಲಿ ಬೆಂಗಳೂರಿಗೆ ತಂದ ಸಂಸ್ಥೆ ನೃತ್ಯಸಂಯೋಜನೆಯನ್ನು ವಿಶ್ವವಿದ್ಯಾನಿಲಯದ ಪದವಿಯ ವಿಷಯವಾಗಿಸಿತು. 1992ರಲ್ಲಿ ಸ್ಥಾಪನೆಯಾದ ಅಟ್ಟಕ್ಕಳರಿ ಸಂಸ್ಥೆ ಬೆಂಗಳೂರಿನಲ್ಲೇ ಸಮಕಾಲೀನ ನೃತ್ಯದ ಶಿಕ್ಷಣ ಕೊಡುತ್ತ ಬಂದಿದೆ. ಚನ್ನಗಿರಿ, ಜಗಳೂರುಗಳಿಗೆ ಇವು ದೂರದ ಹೆಸರುಗಳೇ. ಆದರೆ ಇಂಥ ತರಗತಿಯ ಮುಖ್ಯ ಅಭ್ಯಾಸವೊಂದು ತಾಂಡಾದ ವೃತ್ತಕ್ಕೆ ಬಹಳ ಸಮೀಪದ್ದು: ವಿದ್ಯಾರ್ಥಿಗಳು ವೃತ್ತವಾಗಿ ನಿಂತು, ನೋಡುವವರಿಲ್ಲದೆ, ಒಬ್ಬರ ಉಸಿರಿಗೆ ಒಬ್ಬರು ಕಿವಿಗೊಟ್ಟು, ಯಾರ ಅಪ್ಪಣೆಯೂ ಇಲ್ಲದೆ ಚಲನೆಯನ್ನು ಹುಟ್ಟಿಸುವುದು. ಕಣ್ಣು ಮುಚ್ಚಿ ಪಕ್ಕದವನ ಬೆನ್ನಿನ ಭಾರವನ್ನು ತನ್ನ ಬೆನ್ನಿನ ಮೇಲೆ ತಾಳಿಕೊಂಡಾಗ ತೋರಿಸುವ ದೇಹ ಸುಮ್ಮನಾಗಿ ಅರಿಯುವ ದೇಹ ಎಚ್ಚರಗೊಳ್ಳುತ್ತದೆ. ಸ್ಪರ್ಧೆಗೆ ಸಜ್ಜಾದ ಜನಪದ ಕುಣಿತ ಕಳೆದುಕೊಂಡದ್ದನ್ನು ದೇವರ ಹೆಸರೇ ಹೇಳದ ಈ ತರಗತಿ ಕೆಲವೊಮ್ಮೆ ಉಳಿಸಿಕೊಂಡಿರುತ್ತದೆ ಎಂಬುದನ್ನು ಧರ್ಮದ ಬಗ್ಗೆ ಕಾಳಜಿಯುಳ್ಳವರು ಒಪ್ಪಲೇಬೇಕು.

ಹಾಗೆಂದು ಹೊಸ ನೃತ್ಯದ ದೇಹದೃಷ್ಟಿಯನ್ನು ಪೂರ್ತಿಯಾಗಿ ಒಪ್ಪುವುದೂ ಕಷ್ಟ. ದೇಹ ನನ್ನದು, ಅದರ ಚಲನೆ ನನ್ನ ಅಭಿವ್ಯಕ್ತಿ ಎಂಬ ಭಾವನೆ ಅದರಲ್ಲಿ ಆಗಾಗ ತಲೆಯೆತ್ತುತ್ತದೆ. ಶರಣರ ನಿಲುವು ಇದಕ್ಕಿಂತ ಸೂಕ್ಷ್ಮವಾದದ್ದು: ದೇಹವನ್ನು ಅವರು ಹೇಯವೆಂದು ತಳ್ಳಲಿಲ್ಲ, ಗುಡಿಯ ಸ್ಥಾನಕ್ಕೇ ಏರಿಸಿದರು, ಆದರೆ ಆ ಗುಡಿಯ ಒಡೆತನವನ್ನು ‘ನಾನು’ ಎಂಬುದಕ್ಕೆ ಬಿಟ್ಟುಕೊಡಲಿಲ್ಲ. ಅಲ್ಲಮಪ್ರಭುವಿನ ಕಥೆ ಈ ಸಂದರ್ಭದಲ್ಲಿ ಬಹಳ ಅರ್ಥಪೂರ್ಣವಾದದ್ದು. ಹೊನ್ನಾಳಿ ಸೀಮೆಗೆ ತಗಲಿಕೊಂಡಿರುವ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವನಾದ ಅಲ್ಲಮ, ಕವಿ ಹರಿಹರನ ರಗಳೆಯಲ್ಲಿ, ಮದ್ದಳೆ ಬಾರಿಸುವುದರಲ್ಲಿ ನುರಿತವನು; ಕಾಮಲತೆಯನ್ನು ಪ್ರೀತಿಸಿ, ಅವಳ ಸಾವಿನಿಂದ ಕಂಗೆಟ್ಟು ಅಲೆಯುವಾಗ ಅವನಿಗೆ ಗುರು ದೊರೆಯುತ್ತಾನೆ. 15ನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಈ ಕಥೆಯನ್ನು ಬದಲಿಸುತ್ತಾನೆ: ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಅಲ್ಲಮ ಮದ್ದಳೆ ನುಡಿಸುತ್ತಾನೆ, ರಾಜಕುವರಿಯಾಗಿ ಹುಟ್ಟಿಬಂದ ಮಾಯೆ ಅದಕ್ಕೆ ಕುಣಿಯುತ್ತಾಳೆ, ಅವನನ್ನು ಹಿಡಿಯಬಯಸುತ್ತಾಳೆ, ಅವನು ದಕ್ಕುವುದಿಲ್ಲ. ಇಬ್ಬರು ಕವಿಗಳೂ ಕನ್ನಡದ ಅತ್ಯುನ್ನತ ಅನುಭಾವಿಯನ್ನು ಕುಣಿತದ ಅಂಗಳದಿಂದಲೇ ಕರೆತಂದರು. ಹರಿಹರನಲ್ಲಿ ಲಯ ಬಲ್ಲ ಮನುಷ್ಯ ನೋವನ್ನು ದಾಟಿ ಅರಿವಿಗೆ ಬರುತ್ತಾನೆ. ಚಾಮರಸನಲ್ಲಿ ಅರಿವು ಮೊದಲೇ ಪೂರ್ಣವಾಗಿದೆ, ಲಯ ಅದರ ಲೀಲೆ ಮಾತ್ರ. ತರಗತಿಯ ವಿದ್ಯಾರ್ಥಿಗೆ ಹತ್ತಿರವಾದವನು ಹರಿಹರನ ಅಲ್ಲಮನೇ. ಅವನಲ್ಲಿ ನಂಬಿಕೆ ಕಲೆಗೆ ಮುಂಗಡವಾಗಿ ಕಟ್ಟಬೇಕಾದ ಶುಲ್ಕವಲ್ಲ. ಕೈ ಪಳಗಿತ್ತು, ದೇಹ ಸಿದ್ಧವಾಗಿತ್ತು, ಉಳಿದದ್ದು ಬಳಿಕ ಬಂದಿತು.

ಈ ನೆಲೆಯಿಂದ ಅಧಿಕಾರದ ಪ್ರಶ್ನೆಗೆ ಒಂದು ಉತ್ತರ ಹೊಳೆಯುತ್ತದೆ. ಕುಣಿಯಲು ಬರುವ ವಿದ್ಯಾರ್ಥಿಯನ್ನು ನಿನಗೆ ಭಕ್ತಿ ಇದೆಯೇ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಕುಣಿತದೊಂದಿಗೆ ಬರುವ ನಿಯಮಕ್ಕೆ ಒಳಗಾಗುತ್ತೀಯಾ ಎಂದು ಕೇಳುವ ಹಕ್ಕು ಆ ಕುಣಿತವನ್ನು ಉಳಿಸಿಕೊಂಡು ಬಂದವರಿಗೆ ಇದೆ. ಇಲ್ಲಿ ನಿಯಮವೆಂದರೆ ಕಥೆಯನ್ನು ಅರಿತಿರುವುದು, ಒಡಪನ್ನು ಬಾಯಿಪಾಠ ಮಾಡಿ ಅರ್ಥಸಮೇತ ಹೇಳಬಲ್ಲವನಾಗುವುದು, ಮೆಟ್ಟು ಕಳಚಿ ಅಭ್ಯಾಸಕ್ಕೆ ಇಳಿಯುವುದು, ಡೊಳ್ಳನ್ನು ದಾಟದಿರುವುದು, ಕಲಿಸಿದವರ ಊರಿನ ಜಾತ್ರೆಯಲ್ಲಿ ಒಮ್ಮೆಯಾದರೂ ನಿಂತು ನೋಡುವುದು. ಡೊಳ್ಳಾಸುರನನ್ನು ಕೊಂದ ಶಿವ ಅವನ ಚರ್ಮದಿಂದ ಡೊಳ್ಳು ಮಾಡಿಸಿದನೆಂಬ ಕಥೆಯನ್ನು ತಿಳಿದು ಡೊಳ್ಳು ಹೊರುವವನ ಹೆಗಲಿಗೂ ತಿಳಿಯದೆ ಹೊರುವವನ ಹೆಗಲಿಗೂ ಭಾರ ಒಂದೇ ಇರಬಹುದು. ಹೊರುವ ರೀತಿ ಒಂದೇ ಇರುವುದಿಲ್ಲ.

ಇಷ್ಟು ಎಚ್ಚರ ಬೇಕೆನ್ನಲು ಇತಿಹಾಸದ ಕಾರಣವೂ ಇದೆ. ಗುಡಿಯ ಕುಣಿತ ಶಾಲೆಗೆ ಬಂದ ಪ್ರಸಂಗ ಇದೇ ಮೊದಲಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರನ್ನಾಗಿ ಬಿಡುವ ಗೆಜ್ಜೆಪೂಜೆಯನ್ನು ನಿಲ್ಲಿಸಿತು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ಬಂದಿತು. ಆ ಪದ್ಧತಿಯಲ್ಲಿದ್ದ ಕ್ರೌರ್ಯವನ್ನು ನಿಲ್ಲಿಸಲೇಬೇಕಾಗಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಅದರ ಜೊತೆಗೆ ನಡೆದದ್ದೇನೆಂದರೆ, ತಲೆಮಾರುಗಳಿಂದ ನೃತ್ಯವನ್ನು ಮೈಯಲ್ಲಿ ಕಾಪಾಡಿದ ಹೆಂಗಸರು ಹೊರಗುಳಿದು, ಅವರ ನೃತ್ಯ ಮಾತ್ರ ಗೌರವಸ್ಥರ ಮನೆಯ ಮಕ್ಕಳ ತರಗತಿಗೆ ಬಂದಿತು. ಇಂದು ನೃತ್ಯಶಾಲೆಗಳಲ್ಲಿ ವಿದ್ಯಾರ್ಥಿನಿಯರು ಸಂಭ್ರಮದಿಂದ ಗೆಜ್ಜೆಪೂಜೆ ಮಾಡಿಸಿಕೊಳ್ಳುತ್ತಾರೆ. ಅದೇ ವಿಧಿ ಒಂದು ಕಾಲಕ್ಕೆ ಹೆಣ್ಣುಮಗುವಿನ ಬದುಕಿನ ಮೇಲೆ ಹಾಕಿದ ಬೀಗವಾಗಿತ್ತೆಂಬುದನ್ನು 1969ರ ‘ಗೆಜ್ಜೆಪೂಜೆ’ ಚಲನಚಿತ್ರ ನೋಡಿದ ತಲೆಮಾರು ಬಲ್ಲದು. ಕುಣಿತ ಉಳಿದು ಕುಣಿದವರು ಅಳಿದರೆ ಅದನ್ನು ಪರಂಪರೆಯ ರಕ್ಷಣೆ ಎನ್ನಲಾಗದು. ಆದ್ದರಿಂದ ವೀರಗಾಸೆಯನ್ನೋ ಡೊಳ್ಳನ್ನೋ ಕಾಲೇಜಿಗೆ ತರುವಾಗ ಪುರವಂತರನ್ನು, ಡೊಳ್ಳಿನ ಮೇಳದವರನ್ನು, ತಾಂಡಾದ ಹಿರಿಯ ಹೆಂಗಸರನ್ನು ಸಂಭಾವನೆ ಪಡೆಯುವ ಅಧ್ಯಾಪಕರಾಗಿಯೇ ಕರೆಯಬೇಕು. ವೀಡಿಯೊ ನೋಡಿ ಹೆಜ್ಜೆ ಎತ್ತಿಕೊಂಡ ನೃತ್ಯಸಂಯೋಜಕರು ಅವರ ಸ್ಥಾನದಲ್ಲಿ ನಿಲ್ಲಲಾರರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆ ನೆರೆಯಲ್ಲೇ ಇರುವಾಗ ಇದು ಅಸಾಧ್ಯದ ಬೇಡಿಕೆಯಲ್ಲ.

ಎರಡು ವಿಷಯಗಳಲ್ಲಿ ಗೆರೆ ಎಳೆಯುವುದು ಅನಿವಾರ್ಯವಾಗುತ್ತದೆ. ಮೊದಲನೆಯದು ಶಸ್ತ್ರ. ಹರಕೆ ಹೊತ್ತವನು ಗುಡಿಯ ಮುಂದೆ ಶಸ್ತ್ರ ಹಾಕಿಸಿಕೊಳ್ಳುವುದು ಅವನಿಗೂ ಅವನ ದೇವರಿಗೂ ಸೇರಿದ ಸಂಗತಿ. ಅದೇ ಕ್ರಿಯೆಯನ್ನು ಚಪ್ಪಾಳೆಗಾಗಿ ವಿದ್ಯಾರ್ಥಿಯ ಗಲ್ಲದ ಮೇಲೆ ಮಾಡುವುದು, ಅಥವಾ ಮಾಡಿದಂತೆ ನಟಿಸುವುದು, ಹರಕೆಗೂ ಅವಮಾನ, ವಿದ್ಯಾರ್ಥಿಯ ದೇಹಕ್ಕೂ ಅವಮಾನ. ಅದನ್ನು ವೇದಿಕೆಯಿಂದ ಹೊರಗಿಡಬೇಕು. ಎರಡನೆಯದು ಅಂಕ. 2021–22ರಲ್ಲಿ ಜಾರಿಗೆ ಬಂದ ಪದವಿ ಪಠ್ಯಕ್ರಮ ಸಾಂಸ್ಕೃತಿಕ ಚಟುವಟಿಕೆಗೂ ಕ್ರೆಡಿಟ್ ಕೊಟ್ಟಿತು. ಪಠ್ಯಕ್ರಮಗಳು ಮುಂದೆಯೂ ಬದಲಾಗುತ್ತಿರುತ್ತವೆ. ಹೆಜ್ಜೆಗೆ, ಲಯಕ್ಕೆ, ಒಡಪಿನ ಉಚ್ಚಾರಕ್ಕೆ ಅಂಕ ಹಾಕಬಹುದು. ಆವೇಶಕ್ಕೆ ಅಂಕ ಹಾಕಲು ಹೊರಟರೆ ವಿದ್ಯಾರ್ಥಿಗಳು ಮೈದುಂಬಿದಂತೆ ನಟಿಸುವುದನ್ನು ಕಲಿಯುತ್ತಾರೆ, ಆ ಕಲಿಕೆ ನಂಬಿಕೆಯುಳ್ಳವನನ್ನೂ ಇಲ್ಲದವನನ್ನೂ ಸಮಾನವಾಗಿ ಕೆಡಿಸುತ್ತದೆ.

ಇನ್ನುಳಿದದ್ದು ಹೆಣ್ಣುಮಕ್ಕಳ ವಿಷಯ. ಮಹಿಳೆಯರ ಡೊಳ್ಳಿನ ತಂಡಗಳೂ ವೀರಗಾಸೆ ತಂಡಗಳೂ ಕರ್ನಾಟಕದಲ್ಲಿ ಈಗ ಹೊಸತಲ್ಲ. ಆದರೆ ಗುಡಿಯ ಮುಂದಿನ ಪುರವಂತಿಕೆ ಇಂದಿಗೂ ಬಹುಪಾಲು ಗಂಡಸರ ಕೈಯಲ್ಲೇ ಇದೆ. ಕಾಲೇಜಿನಲ್ಲಿ ವೀರಗಾಸೆ ಕಲಿತು, ಒಡಪನ್ನು ತಪ್ಪಿಲ್ಲದೆ ಹೇಳಬಲ್ಲ ಜಗಳೂರಿನ ವಿದ್ಯಾರ್ಥಿನಿಯೊಬ್ಬಳು ಮುಂದೊಂದು ದಿನ ತನ್ನ ಮನೆಯ ಮದುವೆಯ ಗುಗ್ಗಳದಲ್ಲಿ ತಾನೇ ಒಡಪು ಹೇಳುತ್ತೇನೆಂದು ಮುಂದೆ ಬಂದರೆ, ಅದನ್ನು ತೀರ್ಮಾನಿಸುವ ಹಕ್ಕು ವಿಶ್ವವಿದ್ಯಾನಿಲಯಕ್ಕೆ ಇರುವುದಿಲ್ಲ. ಅವಳ ಮನೆಯವರು, ಊರಿನ ಪುರವಂತರು, ಭಕ್ತರು ಕೂಡಿ ತೀರ್ಮಾನಿಸಬೇಕಾಗುತ್ತದೆ. ಇಷ್ಟಲಿಂಗವನ್ನು ಹೆಣ್ಣಿನ ಅಂಗೈಗೆ ಒಪ್ಪಿಸಿದ ಪರಂಪರೆಯೇ ತಮ್ಮದೆಂದು ಹೇಳಿಕೊಳ್ಳುವವರು ಅವಳನ್ನು ಯಾವ ನ್ಯಾಯದಿಂದ ತಡೆಯಬಲ್ಲರು ಎಂಬುದಕ್ಕೆ ಅವರೇ ಉತ್ತರ ಕೊಡಬೇಕು. ಆ ಹೊತ್ತಿಗೆ ಅವಳಿಗೆ ಒಡಪಿನ ಒಂದು ಮಾತೂ ತಪ್ಪದಂತೆ ಕಲಿಸಿ ಕಳುಹಿಸುವುದಷ್ಟೇ ತರಗತಿಯ ಕೆಲಸ.